ಹೊರಡುವ ದಾರಿ ಸಿದ್ಧವಿದೆ, ಉಳಿಯುವ ದಾರಿ? ಫಿಲಿಪ್ಪೀನ್ಸಿನ ವಲಸೆಯ ಲೆಕ್ಕ

ಅಮೆರಿಕದಿಂದ ಹೊರದೇಶಗಳಿಗೆ ನಗದು ಅಥವಾ ಮನಿ ಆರ್ಡರ್ ರೂಪದಲ್ಲಿ ಕಳುಹಿಸುವ ಹಣಕ್ಕೆ 2026ರ ಜನವರಿ 1ರಿಂದ ಶೇ 1ರಷ್ಟು ತೆರಿಗೆ ಬಿದ್ದಿದೆ. 2025ರ ಮೇ ತಿಂಗಳಲ್ಲಿ ಮಸೂದೆ ಮೊದಲು ಕಾಣಿಸಿಕೊಂಡಾಗ ಅದರಲ್ಲಿ ಶೇ 5 ಎಂದಿತ್ತು. ಆ ಸಂಖ್ಯೆ ಇಳಿಯುತ್ತ ಹೋದ ಅಷ್ಟೂ ವಾರ ಅದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ ರಾಜಧಾನಿಗಳಲ್ಲಿ ಮನಿಲಾ ಒಂದು. ವಿದೇಶದಲ್ಲಿ ದುಡಿಯುವ ಫಿಲಿಪಿನೊಗಳು 2024ರಲ್ಲಿ ಬ್ಯಾಂಕುಗಳ ಮೂಲಕ ಮನೆಗೆ ಕಳುಹಿಸಿದ ಹಣ ಸುಮಾರು 3,449 ಕೋಟಿ ಡಾಲರ್. ಅದು ಅಲ್ಲಿಯವರೆಗಿನ ದಾಖಲೆಯಾಗಿದ್ದು, ದೇಶದ ಒಟ್ಟು ಉತ್ಪನ್ನದ ಶೇ 7.5ರಷ್ಟಾಗುತ್ತದೆ.

ಈ ಸುದ್ದಿಯ ಜೊತೆಗೆ ಬರುವ ಉಳಿದ ಅಂಕಿಗಳನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ಫಿಲಿಪ್ಪೀನ್ಸಿನಲ್ಲಿ 2024ರ ನಿರುದ್ಯೋಗ ಪ್ರಮಾಣ ಶೇ 4ಕ್ಕಿಂತ ಕಡಿಮೆ ಇತ್ತು. ಆ ವರ್ಷ ಅರ್ಥವ್ಯವಸ್ಥೆ ಶೇ 5.5ಕ್ಕೂ ಹೆಚ್ಚು ಬೆಳೆಯಿತು. ಬಡತನದ ಪ್ರಮಾಣ 2021ರ ಶೇ 18.1ರಿಂದ 2023ರಲ್ಲಿ ಶೇ 15.5ಕ್ಕೆ ಇಳಿದಿತ್ತು. ಆದರೂ ಗುತ್ತಿಗೆಯ ಮೇಲೆ ವಿದೇಶದಲ್ಲಿ ದುಡಿಯುವವರ ಸಂಖ್ಯೆ 2022ರ 19.6 ಲಕ್ಷದಿಂದ ಮರುವರ್ಷ 21.6 ಲಕ್ಷಕ್ಕೆ ಏರಿತು. ಹೊರದೇಶಗಳಲ್ಲಿ ಶಾಶ್ವತವಾಗಿ ನೆಲೆಸಿದವರನ್ನೂ ಸೇರಿಸಿದರೆ ಒಟ್ಟು ಒಂದು ಕೋಟಿಯ ಆಸುಪಾಸಾಗುತ್ತದೆ. ಊರಿನಲ್ಲಿ ಕೆಲಸ ಸಿಗುತ್ತಿದೆ ಎನ್ನುವ ದೇಶದಿಂದ ಜನ ಯಾಕೆ ಹೊರಡುತ್ತಾರೆ? ಹೊರಡಬೇಡಿ ಎಂದು ಹೇಳಲು ಅಲ್ಲಿನ ಸರ್ಕಾರಕ್ಕೆ ಯಾಕೆ ಬಾಯಿ ಬರುವುದಿಲ್ಲ?

ತಾತ್ಕಾಲಿಕ ಎಂದು ಶುರುವಾದದ್ದು

ಕಡಲಾಚೆ ಹೋಗಿ ದುಡಿಯುವುದು ಫಿಲಿಪಿನೊಗಳಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅವರು ಹವಾಯಿಯ ಕಬ್ಬಿನ ತೋಟಗಳಿಗೆ ಹೋಗಿದ್ದರು. ಆದರೆ ವಲಸೆ ಸರ್ಕಾರದ ನೀತಿಯಾದದ್ದು 1974ರಲ್ಲಿ, ಫರ್ಡಿನಾಂಡ್ ಮಾರ್ಕೋಸ್ ಅವರ ಸೇನಾಡಳಿತದ ಕಾಲದ ಕಾರ್ಮಿಕ ಸಂಹಿತೆಯ ಮೂಲಕ. 1973ರಲ್ಲಿ ತೈಲದ ಬೆಲೆ ನೆಗೆದಾಗ ಆಮದಿನ ಬಿಲ್ಲು ಕಟ್ಟಲು ಫಿಲಿಪ್ಪೀನ್ಸಿನ ಬಳಿ ಡಾಲರ್ ಇರಲಿಲ್ಲ. ಅದೇ ಬೆಲೆಯೇರಿಕೆಯಿಂದ ಹಣದ ಹೊಳೆ ಹರಿದ ಕೊಲ್ಲಿ ದೇಶಗಳಿಗೆ ರಸ್ತೆ, ಬಂದರು, ಆಸ್ಪತ್ರೆ ಕಟ್ಟುವ ಕೈಗಳು ಬೇಕಾಗಿದ್ದವು. ಹೀಗೆ ಒಂದೇ ಆಘಾತ ಮನಿಲಾದಲ್ಲಿ ಕೊರತೆಯನ್ನೂ ರಿಯಾದಿನಲ್ಲಿ ಬೇಡಿಕೆಯನ್ನೂ ಹುಟ್ಟಿಸಿತು. ನಾಲ್ಕಾರು ವರ್ಷಗಳ ಆಪದ್ಧರ್ಮ ಎಂದು ಭಾವಿಸಿ ಕಟ್ಟಿದ ವ್ಯವಸ್ಥೆ ಅಲ್ಲಿಂದ ಮುಂದೆ ಬೆಳೆಯುತ್ತಲೇ ಹೋಯಿತು. 1982ರಲ್ಲಿ ವಿದೇಶಿ ಉದ್ಯೋಗಕ್ಕೆಂದೇ ಪ್ರತ್ಯೇಕ ಆಡಳಿತ ಸಂಸ್ಥೆ ಬಂದಿತು. 1988ರಲ್ಲಿ ಹಾಂಗ್‌ಕಾಂಗಿನ ಮನೆಗೆಲಸದ ಮಹಿಳೆಯರ ಮುಂದೆ ಮಾತನಾಡಿದ ಅಧ್ಯಕ್ಷೆ ಕೊರಾಜೋನ್ ಅಕೀನೊ, ಆ ಮಹಿಳೆಯರನ್ನು 'ಬಾಗೊಂಗ್ ಬಯಾನಿ', ಅಂದರೆ ಹೊಸ ವೀರರು, ಎಂದು ಕರೆದರು. 2021ರ ಡಿಸೆಂಬರಿನಲ್ಲಿ ವಲಸೆ ಕಾರ್ಮಿಕರಿಗಾಗಿಯೇ ಒಂದು ಪೂರ್ಣ ಪ್ರಮಾಣದ ಇಲಾಖೆಯನ್ನು ಸ್ಥಾಪಿಸುವ ಕಾನೂನಿಗೆ ಸಹಿ ಬಿತ್ತು.

ಈ ಚರಿತ್ರೆಯ ನಡುವೆ ಒಂದು ಕಾನೂನನ್ನು ಗಮನವಿಟ್ಟು ಓದಬೇಕು. 1995ರ ಮಾರ್ಚಿನಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಮನೆಗೆಲಸದ ಮಹಿಳೆಯನ್ನು ಕೊಲೆ ಆರೋಪದ ಮೇಲೆ ಸಿಂಗಪುರ ಗಲ್ಲಿಗೇರಿಸಿತು. ತನ್ನ ಪ್ರಜೆಯನ್ನು ಕಾಪಾಡಲು ಸರ್ಕಾರ ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂದು ಇಡೀ ದೇಶ ಬೀದಿಗಿಳಿಯಿತು. ಮೂರು ತಿಂಗಳೊಳಗೆ ಬಂದ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ, ಆರ್ಥಿಕ ಬೆಳವಣಿಗೆಯನ್ನು ಉಳಿಸಿಕೊಳ್ಳುವ ಸಾಧನವಾಗಿ ಸರ್ಕಾರ ವಿದೇಶಿ ಉದ್ಯೋಗವನ್ನು ಉತ್ತೇಜಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಲಾಯಿತು. ಆ ಸಾಲು ಇಂದಿಗೂ ಕಾಯ್ದೆಯಲ್ಲಿದೆ. ವಿದೇಶಕ್ಕೆ ಹೋಗುವುದು ಅನಿವಾರ್ಯವಾಗಿರಬಾರದು, ಆಯ್ಕೆಯಾಗಿರಬೇಕು ಎಂಬ ಮಾತನ್ನು ಒಂದರ ಹಿಂದೊಂದು ಸರ್ಕಾರ ಆಡುತ್ತಲೂ ಬಂದಿದೆ. ಆದರೆ ಹೊರಡುವವರಿಗೆ ತರಬೇತಿ, ಪ್ರಮಾಣಪತ್ರ, ವಿಮೆ, ದ್ವಿಪಕ್ಷೀಯ ಒಪ್ಪಂದ, ರಾಯಭಾರ ಕಚೇರಿಯಲ್ಲಿ ಕಾರ್ಮಿಕ ಅಧಿಕಾರಿ ಹೀಗೆ ಹೆಜ್ಜೆಹೆಜ್ಜೆಗೂ ಏರ್ಪಾಡು ಮಾಡಿದ ಆಡಳಿತ, ಉಳಿಯುವವರಿಗಾಗಿ ಅದೇ ಶ್ರದ್ಧೆಯಿಂದ ಏನನ್ನೂ ಕಟ್ಟಲಿಲ್ಲ. ಇಂದಿನ ಸಮಸ್ಯೆಯ ಬೇರು ಇರುವುದು ಈ ಐವತ್ತು ವರ್ಷಗಳ ಅಸಮತೋಲನದಲ್ಲಿ.

ಕೆಲಸ ಇದೆ, ಸಂಬಳ ಇಲ್ಲ

ನಿರುದ್ಯೋಗದ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ಸಮೀಕ್ಷೆ ನಡೆದ ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳ ಲೆಕ್ಕಕ್ಕೇ ಸೇರುತ್ತಾರೆ. ರಸ್ತೆ ಬದಿಯಲ್ಲಿ ಹಣ್ಣು ಮಾರುವವರು, ಬಾಡಿಗೆಗೆ ತ್ರಿಚಕ್ರ ವಾಹನ ಓಡಿಸುವವರು, ಮನೆಯ ಮುಂದಿನ ಪುಟ್ಟ ಅಂಗಡಿಯಲ್ಲಿ ಕೂತ ಹೆಂಗಸರು, ಎಲ್ಲರೂ ಉದ್ಯೋಗಿಗಳೇ. ಇರುವ ಕೆಲಸ ಸಾಲದೆ ಇನ್ನಷ್ಟು ಕೆಲಸ ಬೇಕೆನ್ನುವವರ ಪ್ರಮಾಣ 2024ರಲ್ಲಿ ಶೇ 12ರ ಹತ್ತಿರವಿತ್ತು. ದೇಶ ಬಿಡುವ ತೀರ್ಮಾನಕ್ಕೆ ಮೂಲವಾಗುವುದು ಕೆಲಸವಿಲ್ಲದವರ ಹಸಿವಿಗಿಂತ ಹೆಚ್ಚಾಗಿ, ಕೆಲಸವಿದ್ದೂ ಸಂಸಾರ ತೂಗಿಸಲಾಗದವರ ಈ ಸಂಕಟವೇ.

ಸಂಬಳಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮನಿಲಾ ಮಹಾನಗರದಲ್ಲಿ ಕನಿಷ್ಠ ದಿನಗೂಲಿ 2025ರ ಜುಲೈಯಿಂದ 695 ಪೆಸೊ. ತಿಂಗಳಿಗೆ 26 ದಿನ ದುಡಿದರೆ ಸುಮಾರು 18 ಸಾವಿರ ಪೆಸೊ ಆಗುತ್ತದೆ, ರಾಜಧಾನಿಯ ಹೊರಗೆ ಹಲವು ಪ್ರಾಂತ್ಯಗಳಲ್ಲಿ ಅಷ್ಟೂ ಇಲ್ಲ. ಸರ್ಕಾರಿ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕಿಗೆ 2025ರಲ್ಲಿ ಸಿಗುತ್ತಿದ್ದುದು ಸುಮಾರು 30 ಸಾವಿರ. ಹಾಂಗ್‌ಕಾಂಗಿನಲ್ಲಿ ಮನೆಗೆಲಸದವರಿಗೆ ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ನಿಗದಿಯಾದ ಕನಿಷ್ಠ ಸಂಬಳ 5,100 ಹಾಂಗ್‌ಕಾಂಗ್ ಡಾಲರ್, ಅಂದರೆ ಸುಮಾರು 38 ಸಾವಿರ ಪೆಸೊ. ವಸತಿ ಮಾಲೀಕರದು, ಊಟ ಅಥವಾ ಊಟದ ಭತ್ಯೆ ಬೇರೆ. ಪದವಿ ಪಡೆದು ಮಕ್ಕಳಿಗೆ ಪಾಠ ಹೇಳುವುದಕ್ಕಿಂತ ಪರದೇಶದಲ್ಲಿ ಇನ್ನೊಬ್ಬರ ಮನೆಯ ಪಾತ್ರೆ ತೊಳೆಯುವುದು ಲಾಭದಾಯಕ ಎಂದು ಸಂಬಳದ ಪಟ್ಟಿಯೇ ಹೇಳುತ್ತಿರುವಾಗ, ಶಿಕ್ಷಕಿಯರು ಮನೆಗೆಲಸಕ್ಕೆ ಹೋಗುತ್ತಾರೆಂದು ಯಾರೂ ಅಚ್ಚರಿಪಡಬೇಕಾಗಿಲ್ಲ. ಆ ನಷ್ಟ ಯಾರದು ಎಂದು ಕೇಳಿದರೆ, ಶಾಲೆಯಲ್ಲಿ ಉಳಿದ ಮಕ್ಕಳದು.

ಸಂಬಳದ ಆಚೆಗೂ ಒಂದು ಕಾರಣವಿದೆ, ಅದು ನಂಬಿಕೆ. 2025ರಲ್ಲಿ ಪ್ರವಾಹ ನಿಯಂತ್ರಣ ಕಾಮಗಾರಿಗಳ ಹಗರಣ ಹೊರಬಿದ್ದಿತು. ಕಾಗದದ ಮೇಲೆ ಮಾತ್ರ ಇದ್ದ ಕಾಮಗಾರಿಗಳಿಂದ 2023ರಿಂದ 2025ರವರೆಗೆ ಆದ ನಷ್ಟವನ್ನು ಆಗಿನ ಹಣಕಾಸು ಸಚಿವ ರಾಲ್ಫ್ ರೆಕ್ಟೊ 4,230 ಕೋಟಿಯಿಂದ 11,850 ಕೋಟಿ ಪೆಸೊ ಎಂದು ಅಂದಾಜಿಸಿದರು. ಸೆಪ್ಟೆಂಬರ್ 21ರಂದು ಮನಿಲಾದ ಬೀದಿಗಳು ಪ್ರತಿಭಟನಕಾರರಿಂದ ತುಂಬಿದವು. ಸರ್ಕಾರಿ ವೆಚ್ಚಕ್ಕೆ ತಡೆ ಬಿದ್ದು, ಆ ವರ್ಷದ ಮೂರನೆಯ ತ್ರೈಮಾಸಿಕದ ಬೆಳವಣಿಗೆ ಶೇ 4ಕ್ಕೆ ಕುಸಿಯಿತು. ವರ್ಷಕ್ಕೆ ಇಪ್ಪತ್ತರಷ್ಟು ಚಂಡಮಾರುತಗಳನ್ನು ಕಾಣುವ ದೇಶದಲ್ಲಿ ಒಡ್ಡು ಕಟ್ಟುವ ಹಣವೇ ಮಾಯವಾದಾಗ, ಮಕ್ಕಳ ಭವಿಷ್ಯವನ್ನು ಇಲ್ಲಿಯೇ ಕಟ್ಟೋಣ ಎಂಬ ಮಾತಿನ ತೂಕ ಕಡಿಮೆಯಾಗುತ್ತದೆ.

ನರ್ಸುಗಳ ಉದಾಹರಣೆ

ಹೋಗುವುದು ಮತ್ತು ಉಳಿಯುವುದರ ನಡುವಿನ ಎಳೆದಾಟ ಅತ್ಯಂತ ಸ್ಪಷ್ಟವಾಗಿ ಕಾಣುವುದು ನರ್ಸಿಂಗ್ ವೃತ್ತಿಯಲ್ಲಿ. ಅಮೆರಿಕದ ವಸಾಹತು ಆಡಳಿತ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಫಿಲಿಪ್ಪೀನ್ಸಿನಲ್ಲಿ ಇಂಗ್ಲಿಷ್ ಮಾಧ್ಯಮದ ಅಮೆರಿಕನ್ ಮಾದರಿಯ ನರ್ಸಿಂಗ್ ಶಿಕ್ಷಣವನ್ನು ತಂದಿತು. ಆದ್ದರಿಂದ 1948ರಲ್ಲಿ ಅಮೆರಿಕ ವಿನಿಮಯ ಕಾರ್ಯಕ್ರಮ ಆರಂಭಿಸಿದಾಗ ಫಿಲಿಪಿನೊ ನರ್ಸುಗಳು ಮರುತರಬೇತಿಯ ಅಗತ್ಯವೇ ಇಲ್ಲದಂತೆ ಸಿದ್ಧರಾಗಿದ್ದರು. ಇಂದು ಅಮೆರಿಕದಲ್ಲಿ ನೋಂದಾಯಿತ ನರ್ಸುಗಳ ಮಧ್ಯಮ ವಾರ್ಷಿಕ ಸಂಬಳ 93 ಸಾವಿರ ಡಾಲರ್ ದಾಟಿದೆ. ತಿಂಗಳಿಗೆ ಲೆಕ್ಕ ಹಾಕಿದರೆ ನಾಲ್ಕು ಲಕ್ಷ ಪೆಸೊಗೂ ಹೆಚ್ಚು. ಫಿಲಿಪ್ಪೀನ್ಸಿನ ಸರ್ಕಾರಿ ಆಸ್ಪತ್ರೆಯಲ್ಲಿ ಆರಂಭಿಕ ಸಂಬಳ ಸುಮಾರು 40 ಸಾವಿರ. ಅಮೆರಿಕದ ಜೀವನವೆಚ್ಚ ಎಷ್ಟೇ ದುಬಾರಿಯಾದರೂ ಹತ್ತು ಪಟ್ಟಿನ ಅಂತರ ಕರಗುವುದಿಲ್ಲ.

ಈ 40 ಸಾವಿರವೂ ಸುಲಭವಾಗಿ ಬಂದದ್ದಲ್ಲ. ಸರ್ಕಾರಿ ನರ್ಸುಗಳಿಗೆ ಹದಿನೈದನೆಯ ವೇತನ ಶ್ರೇಣಿ ಕೊಡಬೇಕೆಂದು 2002ರ ನರ್ಸಿಂಗ್ ಕಾಯ್ದೆಯೇ ಹೇಳಿತ್ತು. ಅದು ಹದಿನೇಳು ವರ್ಷ ಕಾಗದದ ಮೇಲೆಯೇ ಉಳಿಯಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ವಿಧಿ ಊರ್ಜಿತ ಎಂದು ತೀರ್ಪು ಕೊಟ್ಟ ಮೇಲೆ 2020ರ ಬಜೆಟ್ಟಿನಲ್ಲಿ ಹಣ ಒದಗಿತು. ಅಷ್ಟರಲ್ಲಿ ಎಷ್ಟು ತಂಡಗಳು ವಿಮಾನ ಹತ್ತಿದ್ದವೋ! ಖಾಸಗಿ ಆಸ್ಪತ್ರೆಗಳಿಗಂತೂ ಆ ಕಾಯ್ದೆಯ ಶ್ರೇಣಿ ಅನ್ವಯಿಸುವುದಿಲ್ಲ. ಅಲ್ಲಿನ ಸಂಬಳ ಇನ್ನೂ ಬಹಳ ಕಡಿಮೆ.

ಕೋವಿಡ್ ಬಂದಾಗ ಸರ್ಕಾರ ಬಾಗಿಲು ಮುಚ್ಚಲು ನೋಡಿತು. 2020ರ ಏಪ್ರಿಲಿನಲ್ಲಿ ಆರೋಗ್ಯ ಸಿಬ್ಬಂದಿಯ ಹೊಸ ನಿರ್ಗಮನವನ್ನು ತಡೆಹಿಡಿದು, ನವೆಂಬರಿನಲ್ಲಿ ವರ್ಷಕ್ಕೆ 5,000 ಎಂಬ ಮಿತಿ ಹಾಕಿ, ಮರುವರ್ಷ ಅದನ್ನು 6,500ಕ್ಕೂ ಬಳಿಕ 7,000ಕ್ಕೂ ಏರಿಸಿತು. 2021ರ ಆರಂಭದಲ್ಲಿ ಬ್ರಿಟನ್ ಮತ್ತು ಜರ್ಮನಿ ಲಸಿಕೆ ಕೊಟ್ಟರೆ ಅವುಗಳಿಗೆ ಈ ಮಿತಿ ಸಡಿಲಿಸಬಹುದು ಎಂಬ ಪ್ರಸ್ತಾಪವೂ ಕಾರ್ಮಿಕ ಇಲಾಖೆಯಿಂದ ಹೊರಟಿತು. ತಮ್ಮನ್ನು ಸರಕಿನಂತೆ ವಿನಿಮಯಕ್ಕಿಟ್ಟಿದ್ದಾರೆಂದು ನರ್ಸುಗಳ ಸಂಘಟನೆಗಳು ನೊಂದು ಪ್ರತಿಭಟಿಸಿದ್ದು ಸಂಪೂರ್ಣ ನ್ಯಾಯವಾಗಿತ್ತು. ಇತ್ತ ಅಮೆರಿಕದಲ್ಲಿ, ಅಲ್ಲಿನ ನರ್ಸುಗಳ ಸಂಘಟನೆಯೊಂದರ 2020ರ ಸೆಪ್ಟೆಂಬರಿನ ವರದಿಯಂತೆ, ನರ್ಸುಗಳಲ್ಲಿ ಶೇ 4ರಷ್ಟಿದ್ದ ಫಿಲಿಪಿನೊಗಳು ಕೋವಿಡ್‌ನಿಂದ ಸತ್ತ ನರ್ಸುಗಳಲ್ಲಿ ಶೇ 30ಕ್ಕೂ ಹೆಚ್ಚಿದ್ದರು. ಹೊರದೇಶದ ದೊಡ್ಡ ಸಂಬಳದ ಹಿಂದೆ ಇರುವ ಬೆಲೆಯೂ ಅದೇ ಕಾಲದಲ್ಲಿ ಕಂಡಿತು.

ತಡೆ ಹಾಕಿದ್ದರಿಂದ ಆಸ್ಪತ್ರೆಗಳು ತುಂಬಿದವೇ? ಇಲ್ಲ. 2023ರಲ್ಲಿ ಆರೋಗ್ಯ ಸಚಿವ ಟೆಡ್ ಹೆರ್ಬೋಸಾ ಸುಮಾರು 1.27 ಲಕ್ಷ ನರ್ಸುಗಳ ಕೊರತೆ ಇದೆ ಎಂದರು. ಪರವಾನಗಿ ಪರೀಕ್ಷೆಯಲ್ಲಿ ಸ್ವಲ್ಪದರಲ್ಲಿ ಅನುತ್ತೀರ್ಣರಾದ ಪದವೀಧರರನ್ನು ತಾತ್ಕಾಲಿಕವಾಗಿ ನೇಮಿಸಿಕೊಳ್ಳುವ ಅವರ ಸಲಹೆ ವಿವಾದವಾಯಿತು. ಕೊರತೆ ಇರುವುದು ಓದಿದವರಲ್ಲಿ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ದೇಶದೊಳಗೇ ಪರವಾನಗಿ ಪಡೆದ ಎಷ್ಟೋ ನರ್ಸುಗಳು ಕಾಲ್ ಸೆಂಟರ್‌ಗಳಲ್ಲಿ, ಅಂಗಡಿಗಳಲ್ಲಿ, ಬೇರೆ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಕೊರತೆ ಇರುವುದು ಆ ಸಂಬಳಕ್ಕೆ, ಆ ಪಾಳಿಗೆ, ಒಬ್ಬರಿಗೆ ಅಷ್ಟೊಂದು ರೋಗಿಗಳನ್ನು ಒಪ್ಪಿಸುವ ಆ ವಾರ್ಡಿಗೆ ಬರಲು ಒಪ್ಪುವವರಲ್ಲಿ.

ಇದಕ್ಕೆ ಎದುರಾಗಿ ನಿಲ್ಲುವ ವಾದವನ್ನೂ ನ್ಯಾಯವಾಗಿ ಕೇಳಬೇಕು. 2000ದ ನಂತರ ಅಮೆರಿಕ ನರ್ಸುಗಳಿಗೆ ವೀಸಾ ಹೆಚ್ಚಿಸಿದ ವರ್ಷಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಹೊರಟ ಒಬ್ಬ ನರ್ಸಿಗೆ ಪ್ರತಿಯಾಗಿ ಸುಮಾರು ಒಂಬತ್ತು ಮಂದಿ ಹೆಚ್ಚುವರಿಯಾಗಿ ಓದಿ ಪರವಾನಗಿ ಪಡೆದರು ಎಂದು ಕಂಡುಕೊಂಡಿದ್ದಾರೆ. ಹೋಗುವ ಆಸೆಯಿಂದ ಓದಿದ ಎಲ್ಲರೂ ಹೋಗಲಿಲ್ಲ, ಆದ್ದರಿಂದ ದೇಶದ ಒಟ್ಟು ನರ್ಸುಗಳ ಸಂಖ್ಯೆ ಹೆಚ್ಚೇ ಆಯಿತು ಎಂಬುದು ಈ ವಾದ. ಅಂಕಿ ಸರಿಯಿರಬಹುದು. ಆದರೆ 2007ರ ಸುಮಾರಿಗೆ ಅಮೆರಿಕದ ವೀಸಾ ಬತ್ತಿದಾಗ, ಅನುಭವದ ಪ್ರಮಾಣಪತ್ರಕ್ಕಾಗಿ ಸಂಬಳವಿಲ್ಲದೆ, ಕೆಲವೆಡೆ ತಾವೇ ಶುಲ್ಕ ಕೊಟ್ಟು 'ಸ್ವಯಂಸೇವಕ'ರಾಗಿ ದುಡಿದ ನರ್ಸುಗಳೂ ಇದೇ ಲೆಕ್ಕದೊಳಗೆ ಇದ್ದಾರೆ. ಪರದೇಶದ ಒಂದು ವೀಸಾ ಕಚೇರಿಯ ತೀರ್ಮಾನಕ್ಕೆ ತಕ್ಕಂತೆ ಒಂದು ದೇಶದ ಯುವಜನರು ಕೋರ್ಸು ಆರಿಸಿಕೊಳ್ಳುವ ಸ್ಥಿತಿಯನ್ನು ಕೇವಲ ಲಾಭವೆಂದು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಮನೆಯೊಳಗಿನ ತಕ್ಕಡಿ

ಹೋಗಬೇಕೋ ಬೇಡವೋ ಎಂಬುದನ್ನು ಸಾಮಾನ್ಯವಾಗಿ ಒಬ್ಬರೇ ತೀರ್ಮಾನಿಸುವುದಿಲ್ಲ. ತಮ್ಮನ ಕಾಲೇಜು ಶುಲ್ಕ, ಅಪ್ಪನ ಡಯಾಲಿಸಿಸ್, ಸೋರುವ ಮಾಡು, ಇವೆಲ್ಲ ಸೇರಿ ಯಾರು ಹೋಗಬೇಕೆಂದು ನಿರ್ಧರಿಸುತ್ತವೆ. ತಗಲಾಗ್ ಭಾಷೆಯ 'ಉತಾಂಗ್ ನ ಲೂಬ್' ಎಂಬ ಮಾತಿಗೆ ನಮ್ಮ 'ಋಣ' ಬಹಳ ಹತ್ತಿರದ್ದು. ಸಾಕಿ ಓದಿಸಿದವರ ಋಣ ತೀರಿಸಬೇಕೆಂಬ ಭಾವ ಹೊರಡಲು ಬಲ ಕೊಡುವಂತೆಯೇ, ಮರಳಲು ಬಿಡದೆ ಕಟ್ಟಿಹಾಕುತ್ತದೆ ಕೂಡ. ಒಬ್ಬಳ ಸಂಬಳ ಐದಾರು ಜನರ ಆಸರೆಯಾದ ಮೇಲೆ ಸಾಕು, ಬರುತ್ತೇನೆ ಎನ್ನುವುದು ಸುಲಭವಲ್ಲ. ಎರಡು ವರ್ಷದ ಗುತ್ತಿಗೆ ಇಪ್ಪತ್ತು ವರ್ಷವಾಗುವುದು ಹೀಗೆ.

ಗುತ್ತಿಗೆಯ ಮೇಲೆ ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಒಟ್ಟಾರೆ ಹತ್ತರಲ್ಲಿ ನಾಲ್ಕರಷ್ಟು ಮಂದಿಯದು ಮನೆಗೆಲಸ, ಶುಚಿಗೊಳಿಸುವಿಕೆಯಂಥ ಕೆಲಸ. ಅತಿ ಹೆಚ್ಚು ಮಂದಿ ಹೋಗುವ ದೇಶ ಸೌದಿ ಅರೇಬಿಯಾ. ಅಲ್ಲಿ 2021ರಲ್ಲಿ ಕೆಲಸಗಾರರು ಮಾಲೀಕರ ಒಪ್ಪಿಗೆ ಇಲ್ಲದೆ ಕೆಲಸ ಬದಲಾಯಿಸಬಹುದೆಂಬ ಸುಧಾರಣೆ ಬಂದಾಗ ಮನೆಗೆಲಸದವರನ್ನು ಅದರಿಂದ ಹೊರಗಿಡಲಾಯಿತು. ಕುವೈತಿನಲ್ಲಿ 2018ರಲ್ಲಿ ಒಬ್ಬ ಫಿಲಿಪಿನೊ ಮಹಿಳೆಯ ಶವ ಫ್ರೀಜರಿನಲ್ಲಿ ಪತ್ತೆಯಾಯಿತು. 2023ರ ಜನವರಿಯಲ್ಲಿ ಇನ್ನೊಬ್ಬರ ಸುಟ್ಟ ದೇಹ ಮರುಭೂಮಿಯಲ್ಲಿ ಸಿಕ್ಕಿತು. ಎರಡೂ ಬಾರಿ ಮನಿಲಾ ಕಾರ್ಮಿಕರನ್ನು ಕಳುಹಿಸುವುದನ್ನು ನಿಲ್ಲಿಸಿತು. ಎರಡನೆಯ ಸಲ ಕುವೈತ್ ತಾನೇ ವೀಸಾ ನಿಲ್ಲಿಸಿ ಉತ್ತರ ಕೊಟ್ಟಿತು. 2024ರಲ್ಲಿ ಮತ್ತೆ ದಾರಿ ತೆರೆಯಿತು. ನಿಷೇಧವು ಒತ್ತಡ ಹೇರುವ ಸಾಧನವಾಗಿ ಒಂದಷ್ಟು ಕೆಲಸ ಮಾಡುತ್ತದೆ, ನಿಜ. ಆದರೆ ಕಳುಹಿಸುವ ದೇಶಕ್ಕೆ ಡಾಲರಿನ ಅಗತ್ಯ ಎಷ್ಟಿದೆ ಎಂಬುದು ಎದುರಿನವರಿಗೆ ಗೊತ್ತಿರುವುದರಿಂದ ಆ ಒತ್ತಡ ಬಹುಕಾಲ ನಿಲ್ಲುವುದಿಲ್ಲ. ಹಡಗುಗಳಲ್ಲಿ ದುಡಿಯುವವರ ಸ್ಥಿತಿಯೂ ಬೇರೆಯಲ್ಲ. 2024ರ ಮಾರ್ಚಿನಲ್ಲಿ ಏಡನ್ ಕೊಲ್ಲಿಯಲ್ಲಿ ಸರಕು ಹಡಗಿನ ಮೇಲೆ ನಡೆದ ಕ್ಷಿಪಣಿ ದಾಳಿಯಲ್ಲಿ ಇಬ್ಬರು ಫಿಲಿಪಿನೊ ನಾವಿಕರು ಸತ್ತರು.

ಉಳಿದವರ ಕೆಲಸ, ಬೆಂಗಳೂರಿನ ನಂಟು

ದೇಶ ಬಿಡದೆ ಹೊರದೇಶಕ್ಕೆ ದುಡಿಯುವ ಒಂದು ದಾರಿ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ತೆರೆದಿದೆ. ಕಾಲ್ ಸೆಂಟರ್ ಮತ್ತು ಬಿಪಿಒ ಉದ್ಯಮದಲ್ಲಿ ಈಗ ಸುಮಾರು 18 ಲಕ್ಷ ಮಂದಿ ಇದ್ದಾರೆ. 2024ರ ವರಮಾನ ಸುಮಾರು 3,800 ಕೋಟಿ ಡಾಲರ್, ಅಂದರೆ ವಲಸಿಗರು ಕಳುಹಿಸುವ ಹಣದ ಸರಿಸಮ. ಬೆಂಗಳೂರು, ಗುರುಗ್ರಾಮಗಳ ಕೈಯಲ್ಲಿದ್ದ ಫೋನ್ ಸೇವೆಯ ಕೆಲಸದಲ್ಲಿ ಫಿಲಿಪ್ಪೀನ್ಸ್ ಭಾರತವನ್ನು ಹಿಂದಿಕ್ಕಿದ್ದು 2010ರ ಸುಮಾರಿಗೆ. ಮಕ್ಕಳು ನಿದ್ದೆ ಹೋದ ಮೇಲೆ ರಾತ್ರಿ ಪಾಳಿಗೆ ಹೋಗಿ ಬೆಳಿಗ್ಗೆ ಮರಳುವ ತಾಯಿ, ಜೆಡ್ಡಾದಿಂದ ವೀಡಿಯೊ ಕರೆ ಮಾಡುವ ತಾಯಿಗಿಂತ ಮನೆಗೆ ಹತ್ತಿರವೇ ಇದ್ದಾಳೆ. ಉಳಿಯಲು ಕಾರಣ ಸಿಕ್ಕರೆ ಜನ ಉಳಿಯುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ಕೃತಕ ಬುದ್ಧಿಮತ್ತೆ ಮೊದಲು ಮುಟ್ಟುತ್ತಿರುವುದು ಇದೇ ಬಗೆಯ ಫೋನ್ ಮತ್ತು ಚಾಟ್ ಕೆಲಸವನ್ನು. ಇಲ್ಲಿ ಕೆಲಸ ಕುಗ್ಗಿದರೆ ಅವರಲ್ಲಿ ಒಂದು ಪಾಲು ವಿಮಾನ ನಿಲ್ದಾಣದ ಸಾಲಿಗೆ ಸೇರುವುದು ಖಚಿತ.

ಹಣ ದೇಶಕ್ಕೆ ಏನು ಮಾಡುತ್ತದೆ?

ಈ ಹಣ ಜೀವನಾಡಿ ಎನ್ನುವವರ ಬಳಿ ಗಟ್ಟಿ ಪುರಾವೆಗಳಿವೆ. 1997ರ ಏಷ್ಯಾ ಬಿಕ್ಕಟ್ಟಿನಲ್ಲಿ ಪೆಸೊ ಕುಸಿದಾಗ, ಡಾಲರಿನಲ್ಲಿ ದುಡಿಯುತ್ತಿದ್ದವರ ಮನೆಗಳಿಗೆ ಒಮ್ಮೆಲೇ ಹೆಚ್ಚು ಪೆಸೊ ಬಂದಿತು. ಆ ಕುಟುಂಬಗಳು ಮಕ್ಕಳನ್ನು ಹೆಚ್ಚು ಓದಿಸಿದವು, ಸಣ್ಣ ಉದ್ಯಮಗಳಿಗೆ ಕೈಹಾಕಿದವು ಎಂದು ಬಳಿಕ ನಡೆದ ಅಧ್ಯಯನ ತೋರಿಸಿತು. 2020ರಲ್ಲಿ ಲಕ್ಷಾಂತರ ಕಾರ್ಮಿಕರು ಕೆಲಸ ಕಳೆದುಕೊಂಡು ಮರಳಿದರೂ ಬಂದ ಹಣ ಶೇ 1ರಷ್ಟೂ ಇಳಿಯಲಿಲ್ಲ. ಅಲ್ಲಿ ಉಳಿದವರು ತಮ್ಮ ಹೊಟ್ಟೆ ಕಟ್ಟಿ ಕಳುಹಿಸಿದರು.

ಇನ್ನೊಂದು ಪಕ್ಷದವರು ಬೊಟ್ಟುಮಾಡುವುದು ಇದೇ ಸ್ಥಿರತೆಯನ್ನು. ಡಾಲರ್ ತಪ್ಪದೆ ಬರುವುದರಿಂದ ಪೆಸೊ ಬಲವಾಗಿರುತ್ತದೆ, ಅದರಿಂದ ದೇಶದಲ್ಲಿ ತಯಾರಾದ ವಸ್ತು ಹೊರಗೆ ದುಬಾರಿಯಾಗುತ್ತದೆ, ಕಾರ್ಖಾನೆಗಳು ವಿಯೆಟ್ನಾಮಿನತ್ತ ನಡೆಯುತ್ತವೆ, ಹೀಗೆ ಇಲ್ಲಿ ಹುಟ್ಟಬೇಕಿದ್ದ ಕೆಲಸ ಹುಟ್ಟುವುದಿಲ್ಲ. ಬಂದ ಹಣ ಮಾಲುಗಳಲ್ಲಿ, ಮನೆ ಕಟ್ಟುವುದರಲ್ಲಿ ಕರಗಿ, ಒಟ್ಟು ಉತ್ಪನ್ನದ ಮುಕ್ಕಾಲು ಪಾಲು ಮನೆಗಳ ಬಳಕೆಯ ಮೇಲೆಯೇ ನಿಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದದ್ದು ರಾಜಕೀಯ ಪರಿಣಾಮ. ಸರ್ಕಾರಿ ಆಸ್ಪತ್ರೆ ಕೆಟ್ಟರೆ ಮಗಳ ಹಣದಿಂದ ಖಾಸಗಿಗೆ ಹೋಗಬಹುದು, ಶಾಲೆ ಕೆಟ್ಟರೂ ಹಾಗೆಯೇ. ಆಗ ಸರ್ಕಾರದ ಬಾಗಿಲು ತಟ್ಟುವ ಒತ್ತಡ ಕಡಿಮೆಯಾಗುತ್ತದೆ. ಗಟ್ಟಿಯಾಗಿ ಕೇಳಬಲ್ಲ, ಓದಿದ ಮಧ್ಯಮ ವರ್ಗ ದೇಶದ ಹೊರಗಿದೆ. ತಮ್ಮ ಬಲ ಏನೆಂದು ಆ ವರ್ಗಕ್ಕೆ ತಿಳಿಯದೆ ಇಲ್ಲ. 2025ರ ಮಾರ್ಚಿನಲ್ಲಿ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಅವರ ಬಂಧನವಾದಾಗ ಅವರ ಬೆಂಬಲಿಗರು ಒಂದು ವಾರ ಹಣ ಕಳುಹಿಸಬೇಡಿ ಎಂದು ಕರೆ ಕೊಟ್ಟಿದ್ದರು. ಆದರೆ ಮನೆಯವರ ಊಟವನ್ನೇ ತಡೆಹಿಡಿದು ಸರ್ಕಾರವನ್ನು ಬಗ್ಗಿಸುವುದು ಎಷ್ಟು ಮಂದಿಗೆ ಸಾಧ್ಯ?

ಭಾರತದೊಂದಿಗೆ ಹೋಲಿಸಿದರೆ ಪ್ರಮಾಣದ ವ್ಯತ್ಯಾಸ ತಿಳಿಯುತ್ತದೆ. ವಲಸಿಗರ ಹಣ ಪಡೆಯುವುದರಲ್ಲಿ ಜಗತ್ತಿಗೇ ಮೊದಲಿನದಾದರೂ ಭಾರತದ ಉತ್ಪನ್ನದಲ್ಲಿ ಅದರ ಪಾಲು ಶೇ 3ರ ಸುಮಾರಿನದು. ಉಡುಪಿ, ಮಂಗಳೂರು, ಭಟ್ಕಳದ ಹಲವು ಮನೆಗಳಿಗೆ ಕೊಲ್ಲಿಯ ಹಣದ ಮಹತ್ವ ಏನೆಂದು ಚೆನ್ನಾಗಿ ಗೊತ್ತು. ಅಲ್ಲಿನ ಅನುಭವವನ್ನೇ ಇಡೀ ದೇಶಕ್ಕೆ ಹಿಗ್ಗಿಸಿದರೆ ಫಿಲಿಪ್ಪೀನ್ಸಿನ ಚಿತ್ರ ಸಿಗುತ್ತದೆ. ಕರಾವಳಿಯ ನರ್ಸಿಂಗ್ ಕಾಲೇಜುಗಳಿಂದ ಹೊರಬರುವವರೂ ಫಿಲಿಪಿನೊ ನರ್ಸುಗಳೂ ಕೊಲ್ಲಿ, ಬ್ರಿಟನ್, ಜರ್ಮನಿಗಳ ಅದೇ ವಾರ್ಡುಗಳಿಗೆ ಅರ್ಜಿ ಹಾಕುತ್ತಾರೆ.

ಮುಂದೆ ಏನಾಗಬಹುದು?

ಅಮೆರಿಕದ ಶೇ 1ರ ತೆರಿಗೆ ಬ್ಯಾಂಕ್ ಖಾತೆ ಅಥವಾ ಕಾರ್ಡಿನ ಮೂಲಕ ಕಳುಹಿಸುವವರಿಗೆ ತಟ್ಟುವುದಿಲ್ಲ. ಫಿಲಿಪ್ಪೀನ್ಸಿಗೆ ಬರುವ ಹಣದಲ್ಲಿ ಶೇ 40ರಷ್ಟು ಅಮೆರಿಕದ್ದೆಂದು ದಾಖಲಾಗುತ್ತದೆ. ಆದರೆ ಬೇರೆ ದೇಶಗಳ ಹಣವೂ ಅಮೆರಿಕದ ಬ್ಯಾಂಕುಗಳ ಮೂಲಕ ಹಾದು ಬರುವುದರಿಂದ ಆ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ದೇಶದ ಒಟ್ಟು ಲೆಕ್ಕಕ್ಕೆ ಪೆಟ್ಟು ಸಣ್ಣದು. ಖಾತೆ ತೆರೆಯಲಾಗದ, ದಾಖಲೆ ಇಲ್ಲದ ಕಾರ್ಮಿಕರಿಗೆ ಮಾತ್ರ ಅದು ದೊಡ್ಡದು.

ಜನಸಂಖ್ಯೆಯ ಬದಲಾವಣೆ ಇದಕ್ಕಿಂತ ಆಳವಾದದ್ದು. ಜಪಾನ್, ಜರ್ಮನಿಗಳಲ್ಲಿ ಮುದುಕರು ಹೆಚ್ಚುತ್ತಿದ್ದಾರೆ. ಜರ್ಮನಿಯೊಂದಿಗೆ 2013ರಿಂದ ನರ್ಸುಗಳ ಒಪ್ಪಂದವಿದೆ, ಜಪಾನ್ 2019ರಲ್ಲಿ ಕುಶಲ ಕಾರ್ಮಿಕರಿಗೆ ಹೊಸ ವೀಸಾ ತೆರೆಯಿತು. ಬೇಡಿಕೆ ಏರುತ್ತಲೇ ಹೋಗುತ್ತದೆ. ಇತ್ತ ಫಿಲಿಪ್ಪೀನ್ಸಿನಲ್ಲಿಯೇ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸರಾಸರಿ 2017ರ 2.7ರಿಂದ 2022ರಲ್ಲಿ 1.9ಕ್ಕೆ ಇಳಿದಿದೆ. ಯುವಜನರು ಮುಗಿಯದ ನಿಧಿ ಎಂಬ ಭಾವನೆಯ ಮೇಲೆ ನಿಂತ ನೀತಿಗೆ ಇನ್ನು ಎರಡು ದಶಕಗಳಲ್ಲಿ ನೆಲ ಕುಸಿಯಲಿದೆ. ಆಗ ಮಿಲಾನಿನಲ್ಲಿ, ರಿಯಾದಿನಲ್ಲಿ ವಯಸ್ಸು ಕಳೆದವರು, ಹಲವರು ಪಿಂಚಣಿಯೂ ಇಲ್ಲದೆ, ಫಿಲಿಪ್ಪೀನ್ಸಿನ ಇಲೋಯ್ಲೊಗೂ ಬಟಾಂಗಾಸಿಗೂ ಮರಳಿ ಬಂದಿರುತ್ತಾರೆ. ಅವರನ್ನು ನೋಡಿಕೊಳ್ಳಲು ನರ್ಸುಗಳು ಬೇಕು. ಆ ನರ್ಸುಗಳನ್ನು ಉಳಿಸಿಕೊಳ್ಳುವ ಸಂಬಳವನ್ನು ಮನಿಲಾ ಈಗಿನ ಬಜೆಟ್ಟುಗಳಲ್ಲಿಯೇ, ಖಾಸಗಿ ಆಸ್ಪತ್ರೆಗಳನ್ನೂ ಸೇರಿಸಿಕೊಂಡು, ಒದಗಿಸಲು ತೊಡಗಬೇಕಾಗುತ್ತದೆ. ಕಳೆದ ಬಾರಿ ಕಾಯ್ದೆಯಿಂದ ಬಜೆಟ್ಟಿಗೆ ಬರಲು ಹದಿನೇಳು ವರ್ಷ ಹಿಡಿದಿತ್ತು.